ಹೆಸರು ಹೇಳಿ ನಿಂತ ಹೆಣ್ಣುಮಕ್ಕಳು

ಹೊಸೂರಿನ ಮುಂದೆ ಹಾಯ್ದು ಹೋಗುವ ಹೆದ್ದಾರಿಯು ನಮ್ಮ ಗಡಿನಾಡಿನ ಚರಿತ್ರೆಗೆ ಹೊಸದಾಗಿ ಬಂದು ಸೇರಿದ ವಸ್ತುವಲ್ಲ. ಬಾರಾಮಹಲಿನ ಬಯಲಿನಿಂದ ಮೈಸೂರಿನ ಮೇಲ್ನಾಡಿಗೆ ಏರುವ ಹಳೆಯ ದಾರಿಗಳು ಈ ಸೀಮೆಯಲ್ಲಿಯೇ ಕೂಡುತ್ತವೆ. 1791ರ ಜುಲೈ ತಿಂಗಳಲ್ಲಿ ಕಾರ್ನ್‌ವಾಲಿಸನ ಸೈನ್ಯವು ಹೊಸೂರು, ರಾಯಕೋಟೆಗಳನ್ನು ವಶಪಡಿಸಿಕೊಂಡದ್ದು ಈ ದಾರಿಗಳನ್ನು ಕೈಯಲ್ಲಿ ಇಟ್ಟುಕೊಳ್ಳಬೇಕೆಂದೇ. ಕುದುರೆ, ಎತ್ತು, ದಂಡು, ಧಾನ್ಯ, ರೇಷ್ಮೆ ಎಲ್ಲವೂ ಇಲ್ಲಿಯೇ ಹತ್ತಿ ಇಳಿದವು. ನಮ್ಮ ಕಾಲಕ್ಕೆ ಲಾರಿಗಳು ಬಂದವು. ಬೆಂಗಳೂರಿನಿಂದ ಹೊರಟ ಲಾರಿಯು ಹೊಸೂರು, ಶೂಳಗಿರಿ, ಕೃಷ್ಣಗಿರಿ, ಧರ್ಮಪುರಿಗಳನ್ನು ದಾಟಿ, ತೊಪ್ಪೂರು ಘಾಟಿನಲ್ಲಿ ಇಳಿದು, ಸೇಲಂ ಮಾರ್ಗವಾಗಿ ನಾಮಕ್ಕಲ್ಲನ್ನು ಸೇರುತ್ತದೆ. ಲಾರಿಗಳಿಗೆ ಮೈ ಕಟ್ಟುವ ಕಸುಬಿನಲ್ಲಿ ಆ ಊರಿಗೆ ದಕ್ಷಿಣ ಹಿಂದೂಸ್ಥಾನದಲ್ಲಿ ಎಣೆಯಿಲ್ಲ. ನಮ್ಮ ಕನ್ನಡ ಮನೆಗಳ ಎಷ್ಟೋ ಮಂದಿ ಗಂಡಸರು ಆ ಲಾರಿಗಳ ಚಕ್ರ ಹಿಡಿದು ಸಂಸಾರ ಸಾಗಿಸಿದವರು.

ದಾರಿಯ ಮೇಲೆ ಸರಕು ಬರುವಂತೆಯೇ ರೋಗವೂ ಬರುತ್ತದೆ. ಎಚ್.ಐ.ವಿ. ಎಂಬ ಸೋಂಕು ಈ ಹೆದ್ದಾರಿಯ ಊರುಗಳನ್ನು ಮುಟ್ಟಿದ ಬಗೆಯನ್ನೂ, ಅದನ್ನು ಮೈಯಲ್ಲಿ ಹೊತ್ತ ಹೆಂಗಸರೇ ಮುಂದೆ ಊರಿನ ಆರೋಗ್ಯಕ್ಕೆ ಕಾವಲಾದ ಬಗೆಯನ್ನೂ ಈ ಲೇಖನದಲ್ಲಿ ಹೇಳಬೇಕೆಂದಿದ್ದೇವೆ. ಹೆಂಗಸರೂ ಮಕ್ಕಳೂ ಓದುವ ವಾರ್ಷಿಕೋತ್ಸವದ ಸಂಚಿಕೆಯಲ್ಲಿ ಇಂಥ ವಿಷಯ ತಕ್ಕುದೇ ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದರು. ಹೆಂಗಸರೂ ಮಕ್ಕಳೂ ಓದುತ್ತಾರೆಂದೇ ತಕ್ಕುದು ಎಂದು ನಾವು ಬಿನ್ನವಿಸಿದೆವು. ಅವರು ನಕ್ಕು ಸುಮ್ಮನಾದರು.

ಕಥೆಯ ಆರಂಭ 1986ನೆಯ ಇಸವಿಯ ಮದರಾಸಿನಲ್ಲಿ. ಏಡ್ಸ್ ಎಂಬುದು ಪಾಶ್ಚಾತ್ಯರ ರೋಗ, ನಮ್ಮ ಆಚಾರವಂತ ದೇಶಕ್ಕೆ ಅದು ಬಾರದು ಎಂದು ದೊಡ್ಡ ದೊಡ್ಡವರೇ ನಂಬಿದ್ದ ಕಾಲ ಅದು. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದ ಡಾಕ್ಟರ್ ಸುನೀತಿ ಸಾಲೊಮನ್ ಅವರು ತಮ್ಮ ವಿದ್ಯಾರ್ಥಿನಿಯಾದ ನಿರ್ಮಲಾ ಅವರಿಗೆ ಪ್ರಬಂಧಕ್ಕಾಗಿ ಈ ವಿಷಯವನ್ನೇ ಕೊಟ್ಟರು. ನಿರ್ಮಲಾ ಅವರು ರಿಮ್ಯಾಂಡ್ ಗೃಹದಲ್ಲಿದ್ದ ಹೆಂಗಸರ ರಕ್ತವನ್ನು ಸಂಗ್ರಹಿಸಿದರು. ತಕ್ಕ ಸೌಕರ್ಯವಿಲ್ಲದೆ ಮನೆಯ ಶೀತಕಪೆಟ್ಟಿಗೆಯಲ್ಲಿಯೇ ಆ ಸೀಸೆಗಳನ್ನಿಟ್ಟು, ಕಡೆಗೆ ಪರೀಕ್ಷೆಗಾಗಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಕೊಂಡೊಯ್ದರು. ಆರು ಮಾದರಿಗಳಲ್ಲಿ ಸೋಂಕು ಕಂಡಿತು. ಅಮೆರಿಕೆಯಲ್ಲಿ ಮತ್ತೊಮ್ಮೆ ಪರೀಕ್ಷೆಯಾಗಿ ಸಂಗತಿ ಸ್ಥಿರಪಟ್ಟಿತು. ಭರತಖಂಡದಲ್ಲಿ ಈ ಸೋಂಕಿನ ಚರಿತ್ರೆ ತೊಡಗುವುದು ಆ ಆರು ಮಂದಿ ಹೆಂಗಸರಿಂದ.

ಇಬ್ಬರು ವಿದುಷಿಯರ ಹೆಸರು ಚರಿತ್ರೆಯಲ್ಲಿ ನಿಂತದ್ದು ನ್ಯಾಯವೇ. ಸುನೀತಿಯವರು ಸಾಯುವ ತನಕ ಈ ರೋಗಿಗಳ ಸೇವೆಯಲ್ಲಿಯೇ ಇದ್ದು 2015ರಲ್ಲಿ ತೀರಿಕೊಂಡರು. 2017ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮಶ್ರೀ ಸಂದಿತು. ಆದರೆ ರಕ್ತ ಕೊಟ್ಟ ಆ ಆರು ಮಂದಿಯ ಪಾಡೇನಾಯಿತೆಂದು ಕೇಳಿದವರು ವಿರಳ. ಅವರನ್ನು ರೋಗದ ಮೂಲವೆಂದು ನೋಡಿದರೇ ಹೊರತು ರೋಗಕ್ಕೆ ಸಿಕ್ಕಿದವರೆಂದು ನೋಡಲಿಲ್ಲ. ಮುಂದಿನ ಕೆಲವು ವರ್ಷಗಳಲ್ಲಿ ಮದರಾಸಿನ ರಕ್ಷಣಾಗೃಹದಲ್ಲಿ ಎಚ್.ಐ.ವಿ. ಕಂಡುಬಂದ ಹೆಂಗಸರನ್ನು, ಶಿಕ್ಷೆಯ ಅವಧಿ ಮುಗಿದಿದ್ದರೂ ಹೊರಗೆ ಬಿಡದೆ ಕೂಡಿಹಾಕಿದ್ದುಂಟು. ಶ್ಯಾಮಲಾ ನಟರಾಜ್ ಎಂಬ ಪತ್ರಕರ್ತೆ ಉಚ್ಚ ನ್ಯಾಯಾಲಯದ ಬಾಗಿಲು ತಟ್ಟಿದ ಮೇಲೆ 1990ರಲ್ಲಿ ಅವರಿಗೆ ಬಿಡುಗಡೆಯಾಯಿತು. ಗೋವೆಯ ನಮ್ಮ ಸೋದರ ಕನ್ನಡಿಗರಿಗೆ ಇದೇ ಬಗೆಯ ಇನ್ನೊಂದು ಪ್ರಸಂಗ ನೆನಪಿರಬೇಕು. 1989ರಲ್ಲಿ ಡೊಮಿನಿಕ್ ಡಿಸೋಜಾ ಎಂಬ ತರುಣನನ್ನು ರಕ್ತದಾನದ ಪರೀಕ್ಷೆಯಲ್ಲಿ ಸೋಂಕು ಕಂಡಿತೆಂಬ ಒಂದೇ ಕಾರಣಕ್ಕೆ ಅರವತ್ತನಾಲ್ಕು ದಿನ ಕಾವಲಿನಲ್ಲಿಟ್ಟರು. ಅವನಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದವಳು ಅವನ ತಾಯಿ. ಈ ಚರಿತ್ರೆಯುದ್ದಕ್ಕೂ ಮೆಟ್ಟಿಲು ಹತ್ತಿದವರಲ್ಲಿ ಹೆಂಗಸರೇ ಹೆಚ್ಚು ಕಾಣುತ್ತಾರೆ. ಇದು ನಮಗೆ ಬರೆಯುತ್ತ ಬರೆಯುತ್ತ ಹೊಳೆದ ಸಂಗತಿ.

ತಮಿಳುನಾಡು ಸರಕಾರ 1994ರಲ್ಲಿ ಏಡ್ಸ್ ನಿಯಂತ್ರಣಕ್ಕೆಂದೇ ಒಂದು ಸಂಘವನ್ನು ಸ್ಥಾಪಿಸಿತು. ದೇಶದಲ್ಲಿ ಅಂಥ ಸಂಘ ಅದೇ ಮೊದಲನೆಯದು. ಭಿತ್ತಿಪತ್ರಗಳು ಬಂದವು, ಬೀದಿನಾಟಕಗಳು ಬಂದವು. 2003ರ ಸುಮಾರಿಗೆ ‘ಪುಳ್ಳಿರಾಜನಿಗೆ ಏಡ್ಸ್ ಬರುತ್ತದೆಯೇ?’ ಎಂದು ಗೋಡೆಗೋಡೆಯ ಮೇಲೆ ತಮಿಳಿನಲ್ಲಿ ಕಂಡ ಪ್ರಶ್ನೆಯನ್ನು ನಮ್ಮ ಹುಡುಗರು ಶಾಲೆಯ ದಾರಿಯಲ್ಲಿ ಪದದಂತೆ ಹೇಳಿಕೊಂಡು ಹೋಗುತ್ತಿದ್ದುದನ್ನು ನಾವೇ ಕೇಳಿದ್ದೇವೆ. ಆದರೆ ಪ್ರಶ್ನೆ ಪುಳ್ಳಿರಾಜನದಾಯಿತೇ ವಿನಾ ಅವನ ಹೆಂಡತಿಯದಾಗಲಿಲ್ಲ. ಅವಳಿಗೆ ಏನು ಬರುತ್ತದೆ, ಬಂದ ಮೇಲೆ ಅವಳು ಎಲ್ಲಿ ಇರಬೇಕು ಎಂದು ಯಾವ ಗೋಡೆಯೂ ಕೇಳಲಿಲ್ಲ.

ಆ ಪ್ರಶ್ನೆಯನ್ನು ಕೇಳಿದವಳು ನಾಮಕ್ಕಲ್ ಸೀಮೆಯ ಒಬ್ಬ ತರುಣಿ. ಪಿ. ಕೌಸಲ್ಯಾ ಎಂಬುದು ಅವರ ಹೆಸರು. ಅವರೇ ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಬಹಿರಂಗವಾಗಿ ಹೇಳಿಕೊಂಡಿರುವುದರಿಂದ ನಾವು ಹೆಸರನ್ನು ಬರೆಯುತ್ತಿದ್ದೇವೆ. 1995ರಲ್ಲಿ, ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ, ಲಾರಿಯ ಕಸುಬಿನಲ್ಲಿದ್ದ ಹತ್ತಿರದ ಸಂಬಂಧಿಯೊಬ್ಬನಿಗೆ ಅವರನ್ನು ಮದುವೆ ಮಾಡಿಕೊಟ್ಟರು. ಮದುವೆಯಾಗಿ ಬಹುದಿನ ಕಳೆಯುವುದರೊಳಗಾಗಿ ಗಂಡನ ಸೋಂಕು ತಮಗೂ ತಗಲಿದೆಯೆಂದು ಅವರಿಗೆ ತಿಳಿಯಿತು. ಗಂಡನಿಗೆ ತನ್ನ ಸ್ಥಿತಿ ಮದುವೆಗೆ ಮೊದಲೇ ತಿಳಿದಿತ್ತಂತೆ. ಬಳಿಕ ಅವನು ತೀರಿಕೊಂಡ. ಸೋದರ ಸಂಬಂಧದಲ್ಲಿ ಹೆಣ್ಣು ಕೊಡುವುದು ನಮ್ಮ ಸೀಮೆಯಲ್ಲಿಯೂ ಉಂಟು. ಗೊತ್ತಿರುವ ಮನೆ, ವಿಚಾರಿಸತಕ್ಕದ್ದೇನಿದೆ ಎಂಬ ಮಾತು ನಮಗೂ ಅಪರಿಚಿತವಲ್ಲ.

ಇಲ್ಲಿ ಸ್ವಲ್ಪ ನಿಂತು ಆ ಕಾಲದ ಹೆಂಡತಿಯೊಬ್ಬಳ ಸ್ಥಿತಿಯನ್ನು ವಿವರಿಸಬೇಕು. ಗಂಡಸಿಗೆ ಜ್ವರ, ಭೇದಿ, ಕ್ಷಯ ಎಂದು ಒಂದೊಂದಾಗಿ ಬರುವಾಗ ಯಾರೂ ಮೂಲವನ್ನು ಹುಡುಕುತ್ತಿರಲಿಲ್ಲ. ಹೆಂಗಸಿಗೆ ಬಸುರಿನಲ್ಲಿ ರಕ್ತಪರೀಕ್ಷೆಯಾದಾಗಲೇ ಸೋಂಕು ಹೊರಬೀಳುತ್ತಿತ್ತು. ಹೀಗೆ ಮನೆಯಲ್ಲಿ ಮೊದಲು ತಿಳಿದುಬಂದದ್ದು ಅವಳದು. ಮೊದಲು ತಿಳಿದದ್ದೇ ಮೊದಲು ಬಂದದ್ದೆಂದು ಅತ್ತೆಯ ಮನೆ ತೀರ್ಮಾನಿಸುತ್ತಿತ್ತು. ಗಂಡನ ಔಷಧಕ್ಕೆ ಅವಳ ಒಡವೆ ಹೋಯಿತು. ಅವನ ಕರ್ಮಾಂತರ ಮುಗಿದ ಮೇಲೆ ತವರಿಗೆ ಹೋಗು ಎಂದರು. ತವರಿನಲ್ಲಿ ತಮ್ಮಂದಿರಿಗೆ ಮದುವೆಯಾಗಬೇಕಿತ್ತು. ತಮಿಳುನಾಡಿನಲ್ಲಿ 1989ರಲ್ಲಿಯೇ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟ ಶಾಸನವಾಗಿತ್ತು. ಆದರೆ ಆರು ತಿಂಗಳು ಬದುಕುವವಳಿಗೆ ಆಸ್ತಿ ಏಕೆ ಎಂಬ ಮಾತಿನ ಮುಂದೆ ಶಾಸನಕ್ಕೆ ಬಾಯಿರಲಿಲ್ಲ.

ಹೀಗಿರಲು 1998ರಲ್ಲಿ ಕೌಸಲ್ಯಾ ಅವರೂ ಅವರಂಥ ಕೆಲವರು ಹೆಂಗಸರೂ ಚೆನ್ನೈಯಲ್ಲಿ ಕೂಡಿ ಸೋಂಕಿತ ಮಹಿಳೆಯರದೇ ಆದ ಒಂದು ಸಂಘವನ್ನು ಕಟ್ಟಿದರು. ‘ಪಾಸಿಟಿವ್ ವಿಮೆನ್ ನೆಟ್‌ವರ್ಕ್’ ಎಂದು ಅದಕ್ಕೆ ಹೆಸರು. ಸೋಂಕಿತರ ಸಂಘ ಆ ಮೊದಲೇ, 1997ರಲ್ಲಿ, ಅದೇ ನಗರದಲ್ಲಿ ಹುಟ್ಟಿತ್ತು. ಆದರೆ ಗಂಡಸರೂ ಹೆಂಗಸರೂ ಕೂಡಿದ ಸಭೆಯಲ್ಲಿ ಬಸುರು, ಬಾಣಂತನ, ಮೊಲೆಹಾಲು, ಅತ್ತೆಯ ಮನೆ ಇವುಗಳ ಮಾತು ಹಿಂದೆ ಬೀಳುತ್ತದೆಂಬುದನ್ನು ಈ ಹೆಂಗಸರು ಕಂಡುಕೊಂಡಿದ್ದರು. ಅವರ ವಿಚಾರ ಜಗತ್ತಿನಲ್ಲಿ ಒಂಟಿಯಾದುದೂ ಅಲ್ಲ. ಉಗಾಂಡದಲ್ಲಿ ನೊರೀನ್ ಕಲೀಬಾ ಎಂಬಾಕೆ ಗಂಡನನ್ನು ಈ ರೋಗಕ್ಕೆ ಕಳೆದುಕೊಂಡು, ಅದೇ 1987ರಲ್ಲಿ ಆಶ್ರಯಸಂಸ್ಥೆಯೊಂದನ್ನು ಕಟ್ಟಿದ್ದರು. 1992ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ನಾನಾ ದೇಶಗಳ ಸೋಂಕಿತ ಹೆಂಗಸರು ಸೇರಿ ಅಂತರರಾಷ್ಟ್ರೀಯ ಕೂಟವೊಂದನ್ನು ಮಾಡಿಕೊಂಡಿದ್ದರು. ಆದರೂ ನಾಮಕ್ಕಲ್ಲಿನ ವಿಧವೆಯೊಬ್ಬಳು ತನ್ನ ಮುಖ ತೋರಿಸಿ, ತನ್ನ ಹೆಸರು ಹೇಳಿ, ‘ನನಗೆ ಈ ಸೋಂಕು ಇದೆ’ ಎನ್ನುವುದಕ್ಕೆ ಬೇಕಾದ ಧೈರ್ಯದ ಅಳತೆ ಬೇರೆ. ದಕ್ಷಿಣ ಆಫ್ರಿಕದಲ್ಲಿ 1998ರ ಡಿಸೆಂಬರಿನಲ್ಲಿ, ಹೀಗೆಯೇ ಬಹಿರಂಗವಾಗಿ ಹೇಳಿದ ಗುಗು ಡ್ಲಮಿನಿ ಎಂಬ ಹೆಂಗಸನ್ನು ನೆರೆಯವರು ಹೊಡೆದು ಕೊಂದಿದ್ದರು.

ಸಂಘದವರ ಕೇಳಿಕೆಗಳು ದೊಡ್ಡ ಸಿದ್ಧಾಂತಗಳಾಗಿರಲಿಲ್ಲ. ಬಸುರಿಯ ಪರೀಕ್ಷೆಯ ಫಲವನ್ನು ಗಂಡನಿಗೋ ಅತ್ತೆಗೋ ಅಲ್ಲ, ಅವಳಿಗೇ ಮೊದಲು ಹೇಳಬೇಕು. ಹೆರಿಗೆಯ ಕೋಣೆಯಿಂದ ಅವಳನ್ನು ಹೊರಗಟ್ಟಬಾರದು. ಮಗುವಿನ ಜೀವಕ್ಕೆ ಕೊಡುವ ಔಷಧವನ್ನು ತಾಯಿಯ ಜೀವಕ್ಕೂ ಕೊಡಬೇಕು. ಈ ಕೊನೆಯ ಮಾತನ್ನು ವಾಚಕರು ಗಮನಿಸಬೇಕು. ಚಿಕಿತ್ಸೆಯಿಲ್ಲದಿದ್ದರೆ ಸೋಂಕು ತಾಯಿಯಿಂದ ಮಗುವಿಗೆ ದಾಟುವುದು ನೂರಕ್ಕೆ 15ರಿಂದ 45ರ ತನಕ, ತಕ್ಕ ಔಷಧವಿದ್ದರೆ ನೂರಕ್ಕೆ 5ಕ್ಕಿಂತ ಕಡಮೆ. ಹೊಸ ಶತಮಾನದ ಆರಂಭದಲ್ಲಿ ನಮ್ಮ ದೇಶದಲ್ಲಿ ಹೆರಿಗೆಯ ವೇಳೆಗೆ ತಾಯಿಗೆ ಒಂದು ಗುಳಿಗೆ, ಹುಟ್ಟಿದ ಕೂಸಿಗೆ ಒಂದಿಷ್ಟು ದ್ರವೌಷಧ ಕೊಡುವ ಏರ್ಪಾಡಾಯಿತು. ಕೂಸು ಉಳಿಯಿತು. ತಾಯಿ ಮಾತ್ರ ಗುಳಿಗೆ ನುಂಗಿ ಮನೆಗೆ ಹೋಗಿ ಎರಡು ಮೂರು ವರ್ಷಗಳಲ್ಲಿ ಸತ್ತಳು. ತಾಯಿಯಿಲ್ಲದ ಕೂಸನ್ನು ಯಾರಿಗಾಗಿ ಉಳಿಸಿದಿರಿ ಎಂಬುದು ಈ ಹೆಂಗಸರ ಪ್ರಶ್ನೆ. ಸೋಂಕಿತ ಗರ್ಭಿಣಿಗೆ ಜೀವಮಾನ ಪರ್ಯಂತ ಔಷಧ ಕೊಡಬೇಕೆಂಬ ನೀತಿ ದೇಶದಲ್ಲಿ ಬಳಕೆಗೆ ಬರುವುದಕ್ಕೆ 2013-14ರ ತನಕ ಕಾಯಬೇಕಾಯಿತು.

ಔಷಧದ ಬೆಲೆಯ ಸಂಗತಿಯೊಂದಿದೆ. ಮೂರು ಮದ್ದುಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ 1996ರಲ್ಲಿಯೇ ಬಂದಿದ್ದರೂ ಒಬ್ಬರಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗಿಂತ ಹೆಚ್ಚು ವೆಚ್ಚವಿತ್ತು. 2001ರಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅವರು ಅದನ್ನು 350 ಡಾಲರಿಗೆ ಕೊಡುವೆನೆಂದು ಪ್ರಕಟಿಸಿದಾಗ ಜಗತ್ತೇ ಬೆರಗಾಯಿತು. ಕೊನೆಗೆ 2004ರ ಏಪ್ರಿಲ್ 1ರಿಂದ ಕೇಂದ್ರ ಸರಕಾರವು ಉಚಿತವಾಗಿ ಔಷಧ ಕೊಡಲು ತೊಡಗಿತು. ಮೊದಲಿಗೆ ಇದ್ದುದು ದೇಶಕ್ಕೆಲ್ಲ ಎಂಟೇ ಆಸ್ಪತ್ರೆಗಳು. ನಮ್ಮವರಿಗೆ ತಮಿಳುನಾಡಿನ ಕೇಂದ್ರವೆಂದರೆ ಚೆನ್ನೈಯ ಮಗ್ಗುಲಿನ ತಾಂಬರಂ. ಅದು 1928ರಲ್ಲಿ ಕ್ಷಯರೋಗಿಗಳಿಗಾಗಿ ಆರಂಭವಾದ ಆಸ್ಪತ್ರೆ. 1993ರಿಂದ ಎಚ್.ಐ.ವಿ. ರೋಗಿಗಳನ್ನೂ ಸೇರಿಸಿಕೊಂಡು ದೊಡ್ಡ ಉಪಕಾರ ಮಾಡಿತು. ಹೊಸೂರಿನಿಂದ ಅಲ್ಲಿಗೆ ಮುನ್ನೂರು ಕಿಲೋಮೀಟರು. ಗಡಿ ದಾಟಿದರೆ ನಲವತ್ತು ಕಿಲೋಮೀಟರಿನಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಅದೇ ಗುಳಿಗೆ ಸಿಗುತ್ತಿತ್ತು, ಅದೂ ಕನ್ನಡದಲ್ಲಿ ಮಾತನಾಡುವವರ ಕೈಯಿಂದ. ಗಡಿಯ ಪ್ರಯೋಜನವನ್ನು ನಮ್ಮವರು ಬಲ್ಲರು.

ಇದನ್ನು ನಾವು ಬಲ್ಲುದು ನಮ್ಮ ಬೀದಿಯ ಒಬ್ಬ ಹೆಂಗಸಿನಿಂದ. 1999ರಲ್ಲಿ ಅವರ ಗಂಡ, ಲಾರಿ ಚಾಲಕ, ತೀರಿಕೊಂಡಾಗ ಹೆಣ ಹೊರುವುದಕ್ಕೆ ನಾಲ್ಕು ಹೆಗಲು ಸಿಗುವುದು ತಡವಾಯಿತು. ನಮ್ಮ ಹೆಗಲೂ ಅಂದು ಮುಂದೆ ಬರಲಿಲ್ಲ. ಊರಿನಲ್ಲಿ ಕೆಲಸವಿತ್ತೆಂದು ಹೇಳಿಕೊಂಡೆವು, ಕೆಲಸವೇನೂ ಇರಲಿಲ್ಲ. ಅವರ ಮಗನನ್ನು ಶಾಲೆಯೊಂದರಲ್ಲಿ ಬೇರೆ ಮಣೆಯ ಮೇಲೆ ಕೂಡಿಸಿದರು. ಯಾವ ಶಾಲೆಯೆಂಬುದು ಬೇಡ. ಹುಡುಗನಿಗೆ ಸೋಂಕೇ ಇರಲಿಲ್ಲ, ಇದ್ದರೂ ಮಣೆಯಿಂದ ಅದು ಹರಡುವುದಿಲ್ಲ. ಈ ಸೋಂಕು ರಕ್ತದಿಂದ, ದೇಹಸಂಬಂಧದಿಂದ, ತಾಯಿಯಿಂದ ಮಗುವಿಗೆ ಬರುತ್ತದೆಯೇ ಹೊರತು ಒಂದೇ ತಟ್ಟೆಯಲ್ಲಿ ಉಂಡುದರಿಂದಲೂ ಒಂದೇ ಕೊಡದ ನೀರಿನಿಂದಲೂ ಬರುವುದಿಲ್ಲವೆಂದು ಆಗಲೇ ಪುಸ್ತಕಗಳಲ್ಲಿ ಅಚ್ಚಾಗಿತ್ತು. ನಾವೂ ಓದಿದ್ದೆವು. ಆದರೂ ಅವರ ಮನೆಯಲ್ಲಿ ನೀರು ಕುಡಿಯಲಿಲ್ಲ.

ಆಕೆ 2004ರಿಂದ ತಿಂಗಳಿಗೊಮ್ಮೆ ಬೆಂಗಳೂರಿನ ಬಸ್ಸು ಹತ್ತತೊಡಗಿದರು. ಚೀಟಿ ಹಾಕಲು ಹೋಗುತ್ತೇನೆಂದು ನೆರೆಯವರಿಗೆ ಹೇಳುತ್ತಿದ್ದರಂತೆ. ಕೆಲವು ವರ್ಷಗಳ ತರುವಾಯ ಜಿಲ್ಲೆಯಲ್ಲಿಯೇ ಔಷಧ ಸಿಗುವಂತಾದಾಗ ಅವರು ಸೋಂಕಿತರ ಸಂಘವೊಂದರ ಮನೆಭೇಟಿಯ ಕಾರ್ಯಕರ್ತೆಯಾದರು. ಸರಕಾರದ ಮೂರನೆಯ ಯೋಜನೆ, ಎಂದರೆ 2007ರಿಂದ 2012ರ ವರೆಗಿನದು, ಸೋಂಕಿತರನ್ನೇ ಇಂಥ ಕೆಲಸಕ್ಕೆ ತೆಗೆದುಕೊಳ್ಳುವ ಪದ್ಧತಿಯನ್ನು ಬಲಪಡಿಸಿತ್ತು.

ಆ ಕೆಲಸದ ಬಗೆ ತಿಳಿಯತಕ್ಕದ್ದಾಗಿದೆ. ಈ ಗುಳಿಗೆಗಳನ್ನು ತಪ್ಪದೆ ನುಂಗಬೇಕು. ಆಗಾಗ ಬಿಟ್ಟರೆ ವೈರಾಣು ಔಷಧಕ್ಕೆ ಬಗ್ಗದಂತಾಗಿ ಮುಂದೆ ಬೇರೆ, ಹೆಚ್ಚು ಬೆಲೆಯ ಮದ್ದು ಬೇಕಾಗುತ್ತದೆ. ಮೊದಲ ವರ್ಷಗಳ ಗುಳಿಗೆಗಳಲ್ಲಿದ್ದ ಸ್ಟಾವುಡಿನ್ ಎಂಬ ಮದ್ದಿನಿಂದ ಹಲವರಿಗೆ ಪಾದ ಉರಿಯುತ್ತಿತ್ತು, ಕೆನ್ನೆ ಬತ್ತಿ ಮುಖದ ರೂಪವೇ ಬದಲಾಗುತ್ತಿತ್ತು. ಕೆನ್ನೆ ಬತ್ತಿದರೆ ಊರಿಗೆ ಗುಟ್ಟು ತಿಳಿಯುತ್ತದೆಂದು ಹೆಂಗಸರು ಔಷಧವನ್ನೇ ಬಿಟ್ಟುಬಿಡುತ್ತಿದ್ದರು. ವೈದ್ಯರು ಕೇಳಿದರೆ ‘ನುಂಗುತ್ತಿದ್ದೇನೆ’ ಎಂದು ಉತ್ತರ. ಅದೇ ಗುಳಿಗೆ ನುಂಗಿ ಅದೇ ಪಾದವುರಿಯನ್ನು ಅನುಭವಿಸಿದವಳು ಎದುರು ಕುಳಿತು ‘ನನಗೂ ರಾತ್ರಿ ಹೊದಿಕೆ ತಾಗಿದರೆ ಉರಿಯುತ್ತಿತ್ತು’ ಎಂದಾಗ ಸುಳ್ಳು ಹೇಳುವ ಅಗತ್ಯ ಬೀಳುತ್ತಿರಲಿಲ್ಲ. ಡಬ್ಬಿ ಈಚೆ ಬರುತ್ತಿತ್ತು, ಉಳಿದ ಗುಳಿಗೆಗಳನ್ನು ಇಬ್ಬರೂ ಕೂಡಿ ಎಣಿಸುತ್ತಿದ್ದರು. ಎಷ್ಟೋ ವೇಳೆ ಅತ್ತೆಗೆ ಕಾಣದಂತೆ ಗುಳಿಗೆಯನ್ನು ಬೇಳೆಯ ಡಬ್ಬಿಯಲ್ಲಿ ಇಡುವ ಉಪಾಯದಿಂದಲೇ ಚಿಕಿತ್ಸೆ ಆರಂಭವಾಗುತ್ತಿತ್ತು. ನಮ್ಮ ಬೀದಿಯ ಆಕೆ ಸೀರೆ ಮಾರುವವಳೆಂದು ಹೇಳಿಕೊಂಡು ಹಳ್ಳಿಯ ಮನೆಗಳನ್ನು ಹೊಗುತ್ತಿದ್ದರು. ನಿಜವಾಗಿಯೂ ಒಂದೆರಡು ಸೀರೆ ಮಾರಿದ್ದೂ ಉಂಟಂತೆ. ಡೆಂಕಣಿಕೋಟೆಯ ಕಡೆಯ ಕನ್ನಡ ಮನೆಗಳಲ್ಲಿ ಕನ್ನಡ, ಕೃಷ್ಣಗಿರಿಯಲ್ಲಿ ತಮಿಳು, ಬಾಗಲೂರಿನ ಕಡೆ ತೆಲುಗು. ಗಡಿಯ ಹೆಂಗಸಿಗೆ ನಾಲ್ಕನೆಯ ತರಗತಿಯ ವಿದ್ಯೆಯಿದ್ದರೂ ಮೂರು ಭಾಷೆ ಬರುತ್ತದೆ. ಆ ಕೆಲಸಕ್ಕೆ ಪದವೀಧರರಿಗಿಂತ ಅವರೇ ಹೆಚ್ಚು ಒದಗಿದರು.

2020ರ ಈಚೆಗೆ ಹೊಸ ಮದ್ದುಗಳು ಬಂದು ಬಹುಮಂದಿಗೆ ದಿನಕ್ಕೆ ಒಂದೇ ಗುಳಿಗೆಯಾಗಿದೆ. ಔಷಧ ಸರಿಯಾಗಿ ನಡೆದು, ಪರೀಕ್ಷೆಯಲ್ಲಿ ವೈರಾಣು ಕಾಣದಷ್ಟು ತಗ್ಗಿ ಹಾಗೆಯೇ ನಿಂತರೆ ದೇಹಸಂಬಂಧದಿಂದ ಇನ್ನೊಬ್ಬರಿಗೆ ಸೋಂಕು ದಾಟುವುದಿಲ್ಲವೆಂದು ವಿಜ್ಞಾನ ಈಗ ಸಿದ್ಧಪಡಿಸಿದೆ. ಈ ಒಂದು ಮಾತು ಹಳ್ಳಿಗಳಿಗೆ ಇನ್ನೂ ತಲುಪಬೇಕಾಗಿದೆ.

ಅಕ್ಕಲಕೋಟೆ, ಜತ್ತಿನ ವಾಚಕರು ತಮ್ಮ ಸೀಮೆಯದನ್ನು ಬಿಟ್ಟಿರೆಂದು ಆಕ್ಷೇಪಿಸಬಹುದು. ಸಾಂಗಲಿಯಲ್ಲಿ 1992ರಲ್ಲಿ ಮೀನಾ ಶೇಷು ಅವರು ‘ಸಂಗ್ರಾಮ’ ಎಂಬ ಸಂಸ್ಥೆಯನ್ನು ತೊಡಗಿದ್ದೂ, ಅದರ ಆಸರೆಯಲ್ಲಿ ದೇಹವ್ಯಾಪಾರದಲ್ಲಿದ್ದ ಹೆಂಗಸರೇ 1996ರಲ್ಲಿ ತಮ್ಮ ಪರಿಷತ್ತನ್ನು ಕಟ್ಟಿಕೊಂಡದ್ದೂ ಸ್ಮರಣೀಯ. ಅವರಲ್ಲಿ ಕನ್ನಡ ನಾಡಿನ ಗಡಿಯಿಂದ ಬಂದವರು, ದೇವದಾಸಿಯರಾಗಿ ಬಿಡಲ್ಪಟ್ಟವರು ಅನೇಕರು. ತಮ್ಮ ಕೇರಿಯಲ್ಲಿ ನಿರೋಧ ಹಂಚುವ, ಜೊತೆಯವರನ್ನು ಆಸ್ಪತ್ರೆಗೆ ಕರೆದೊಯ್ಯುವ ಕೆಲಸವನ್ನು ಅವರೇ ನಡೆಸಿದರು. ಆ ಚರಿತ್ರೆಯನ್ನು ಆ ಸೀಮೆಯವರೇ ಬರೆದರೆ ಚೆನ್ನ.

ಇನ್ನು ಶಾಸನದ ವಿಚಾರ. 2017ರಲ್ಲಿ ಸಂಸತ್ತು ಎಚ್.ಐ.ವಿ. ಮತ್ತು ಏಡ್ಸ್ ಕುರಿತ ಕಾಯಿದೆಯನ್ನು ಅಂಗೀಕರಿಸಿತು. 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಯಲ್ಲಿದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವುದು, ಗುಟ್ಟನ್ನು ಹೊರಗೆಡಹುವುದು, ಕೆಲಸದಿಂದಲೋ ಶಾಲೆಯಿಂದಲೋ ಬಾಡಿಗೆಯ ಮನೆಯಿಂದಲೋ ತಳ್ಳುವುದು ಇವೆಲ್ಲ ಅದರಂತೆ ನಿಷಿದ್ಧ. ಸೋಂಕಿತರಿಗೆ ತಾವು ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಅದು ಸ್ಪಷ್ಟವಾಗಿ ಕೊಟ್ಟಿದೆ. ‘ತವರಿಗೆ ಹೋಗು’ ಎಂಬ ಮಾತಿಗೆ ಇಪ್ಪತ್ತು ವರ್ಷಗಳ ಮೇಲೆ ಬಂದ ಉತ್ತರ ಅದು. ಕೌಸಲ್ಯಾ ಅವರಿಗೆ 2015ನೆಯ ಸಾಲಿನ ನಾರೀಶಕ್ತಿ ಪುರಸ್ಕಾರ ಸಂದಿತು. ಕೇಂದ್ರ ಸರಕಾರದ 2023ರ ಅಂದಾಜಿನಂತೆ ದೇಶದಲ್ಲಿ ಸೋಂಕಿನೊಡನೆ ಬದುಕುತ್ತಿರುವವರು ಸುಮಾರು 25 ಲಕ್ಷ. ಅವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಹೆಂಗಸರು. ಹೆಸರು ಹೇಳಿ ನಿಲ್ಲುವವರು ಅವರಲ್ಲಿ ಈಗಲೂ ಕೆಲವರೇ, ಎಲ್ಲರೂ ಹೇಳಬೇಕೆಂದು ನಾವು ಬಯಸುವುದೂ ತರವಲ್ಲ. ಹೇಳಿದವರಿಗೆ ಏನಾಯಿತೆಂಬುದನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು.

ನಮ್ಮ ಬೀದಿಯ ಆಕೆಗೆ ಈ ಲೇಖನದ ಕರಡನ್ನು ಓದಿ ತೋರಿಸಿದೆವು. ತಮ್ಮ ಹೆಸರು ಬೇಡವೆಂದರು, ಮಗನ ಮಾವನ ಮನೆಯವರೂ ಈ ಸಂಚಿಕೆ ಓದುತ್ತಾರಂತೆ. ತಮ್ಮನ್ನು ‘ರೋಗಿ’ ಎಂದು ಕರೆದಿದ್ದ ಕಡೆ ತೆಗೆಸಿದರು. ಹೆಣ ಹೊರುವ ಪ್ರಸಂಗವನ್ನು ತೆಗೆಯಬೇಕೆ ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದು ಇರಲಿ’ ಎಂದರು. ಆಮೇಲೆ ಒಳಗೆ ಹೋಗಿ ಕಾಫಿ ತಂದರು. ಕುಡಿದು ಬಂದೆವು.